ಗುಮ್ಮನಗುಸುಕಿಯ ಚಾದರ

“ಚಿಕ್ಕವಳಿದ್ದಾಗ ಅಮ್ಮ ನನ್ನ ಗುಮ್ಮನಗುಸುಕಿ ಅಂತ ಮುದ್ದಿಗೆ ಕರೀತಿದ್ಲು. ಹಾಕಿದ್ದು ತಿಂದು ಮೂಲೇಲಿ ಕೂತಿರ್ತಿದ್ದೆ, ಅದಕ್ಕೆ. ಮದುವೆ ಆದ್ಮೇಲೆ ಅತ್ತೆ ಬಾಯಲ್ಲೂ ಅದೇ ಹೆಸರು, ಆದ್ರೆ ಅರ್ಥ ಬೇರೆ. ಒಳಗೊಳಗೇ ಏನೋ ಮಸಲತ್ತು ನಡೆಸ್ತಾಳೆ ಅಂತ. ನನ್ನ ಹೊಟ್ಟೇಲಿ ಏನೂ ಇರ್ಲಿಲ್ಲಮ್ಮಾ. ನಾನು ಮಾತು ಹುಡುಕೋ ಹೊತ್ತಿಗೆ ಎದುರಿಗಿದ್ದೋರು ಎದ್ದು ಹೋಗಿರ್ತಿದ್ರು, ಅಷ್ಟೇ.”

ಇಷ್ಟುದ್ದದ ಮಾತನ್ನು ಅವಳು ಜನ್ಮದಲ್ಲಿ ಆಡಿದ್ದು ಒಂದೇ ಸಲ, ಬಸ್ಸಿಗೆ ಕಾಯುವಾಗ ಪಕ್ಕ ಕೂತ ಮುದುಕಿಯ ಹತ್ತಿರ.

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳದು ಚಾದರ ಮಡಚುವ ಕೆಲಸ. ಚಾದರಕ್ಕೆ ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಎಳೆದು, ಝಾಡಿಸಿ, ಹತ್ತಿರ ಬಂದು ತುದಿ ಕೂಡಿಸಬೇಕು. ದಿನಕ್ಕೊಂದಿಷ್ಟು ಹೊತ್ತು ಇನ್ನೊಬ್ಬರ ಬೆರಳು ತಾಗುತ್ತಿದ್ದದ್ದು ಅವಳಿಗೆ ಅಲ್ಲೇ.

ಊಟವಾದ ಮೇಲೆ ಹೆಂಗಸರು ಬೆಚ್ಚಗಿನ ಬಟ್ಟೆ ಗಂಟುಗಳ ಹಿಂದೆ ಸರದಿಯಲ್ಲಿ ಕಣ್ಣು ಮುಚ್ಚುತ್ತಿದ್ದರು. ಅದು ಹೇಗೋ ಸೂಪರ್‌ವೈಸರ್ ಕಿವಿಗೆ ಬಿತ್ತು. ನಿದ್ದೆಗೆ ಕಲ್ಲು ಬಿತ್ತು.

“ಇನ್ಯಾರು ಊದಿರ್ತಾರೆ? ಆ ಗುಮ್ಮನಗುಸುಕೀನೇ!”

“ನಾನಲ್ಲ,” ಎಂದಳು ಅವಳು.

“ಅಯ್ಯೋ, ನೋಡ್ರೇ, ಇವಳಿಗೂ ಬಾಯಿ ಬಂತು! ಕುಂಬಳಕಾಯಿ ಕಳ್ಳಿ!”

ಅವತ್ತಿನಿಂದ ಅವಳ ಚಾದರದ ಇನ್ನೊಂದು ತುದಿ ಹಿಡಿಯುವವರೇ ಇಲ್ಲ.

ಒಂದು ಮಧ್ಯಾಹ್ನ, ಎಲ್ಲರೂ ಕೈ ತೊಳೆಯಲು ಹೋದಾಗ, ರೇಡಿಯೋ ಬಂದಳು. ಸದಾ ವಟಗುಟ್ಟುವವಳಿಗೆ ಅಲ್ಲಿಟ್ಟ ಹೆಸರದು.

“ಅಕ್ಕಾ, ಅದು ನನ್ನ ಬಾಯಿಂದಾನೇ ಜಾರಿದ್ದು. ಟೀ ಕುಡೀತಾ ಆ ಸೂಪರ್‌ವೈಸರ್ ನಗ್ತಾ ಕೇಳ್ದ, ನಾನೂ ಒದರಿಬಿಟ್ಟೆ. ನಿನ್ನ ಹತ್ರ ಹೇಳಿದ್ರೆ ಬಾವಿಗೆ ಹಾಕಿದ ಹಾಗೆ ಅಂತ ಹೇಳ್ತಿದೀನಿ. ಇವರಿಗೆ ಗೊತ್ತಾದ್ರೆ ನನ್ನ ಸಿಗಿದು ಹಾಕ್ತಾರೆ.”

“ಈ ತುದಿ ಸ್ವಲ್ಪ ಹಿಡಿ,” ಎಂದಳು ಇವಳು.

ರೇಡಿಯೋ ಬಾಗಿಲ ಕಡೆ ನೋಡಿದಳು. “ಎಲ್ರೂ ಬಂದ್ಬಿಡ್ತಾರಲ್ಲಕ್ಕಾ...” ಎನ್ನುತ್ತ ಸರಿದುಹೋದಳು.

ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಹೇಳಿಬಿಡಬೇಕೆಂದು ಇವಳು ಬಾಯಿ ತೆರೆದಳು. ಮಾತೂ ಈ ಸಲ ಸಿಕ್ಕಿತ್ತು. ರೇಡಿಯೋ ಆಗಲೇ ಯಾರದೋ ತೋಳು ಹಿಡಿದು ಕತೆ ಶುರು ಮಾಡಿದ್ದಳು; ಕತೆಯ ನಡುವೆ ಒಮ್ಮೆ ಇತ್ತ ನೋಡಿದಾಗ ಅವಳ ಮುಖ ಬಿಳಿಚಿಕೊಂಡಿತ್ತು. ರೇಡಿಯೋ ಜೊತೆ ಯಾರೂ ಮಾತಾಡದಿದ್ದರೆ ಅವಳು ಸತ್ತೇ ಹೋಗುತ್ತಾಳೆ, ಎನಿಸಿತು. ತನಗಾದರೆ ಅಭ್ಯಾಸವಿದೆ.

ಬಾಯಿ ಮುಚ್ಚಿಕೊಂಡಳು. ಒದ್ದೆ ಆರದ ಒಂದು ಚಾದರ ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದರ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಹಿಂದೆ ಹಿಂದೆ ನಡೆದು, ಬಿಗಿಯಾಗಿ ಎಳೆದು, ಮಡಚತೊಡಗಿದಳು.