‘ತಲುಪಿತು’ ಎಂದು ಒತ್ತಿದವನು ನಾನು

ಆ ಕ್ಯಾಮೆರಾವನ್ನು ನೀವು ಕದ್ದಿಲ್ಲ, ಹಮೀದಾಕ. ಅದು ಗಲ್ಫಿಗೇ ಬಂದಿರಲಿಲ್ಲ. ಬಂದಿಲ್ಲ ಎಂದು ಗೊತ್ತಿದ್ದವನು ಇಡೀ ಮುಸಫ್ಫಾದಲ್ಲಿ ನಾನೊಬ್ಬನೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಬಾಯಿ ಬಿಟ್ಟು ಸುಳ್ಳನ್ನೂ ಹೇಳಿದೆ.

ಆಗ ನಮ್ಮ ಆಫೀಸಿನಲ್ಲಿ ಯಾರಿಗೆ ಏನು ಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು. ಚೀನಾದಿಂದ ಶೂ, ವಾಚು, ಮಕ್ಕಳ ಆಟಿಕೆ — ಎಲ್ಲ ಆನ್‌ಲೈನ್ ಸೈಟಿನಲ್ಲಿದ್ದ ನನ್ನ ಖಾತೆಯಿಂದಲೇ. ನಾಲ್ಕು ಜನರದ್ದನ್ನು ಒಂದೇ ಪಾರ್ಸೆಲ್ ಮಾಡಿಸಿ ಖರ್ಚು ಉಳಿಸುವುದರಲ್ಲಿ ನನಗೆ ಎಷ್ಟು ಜಂಭವಿತ್ತೆಂದರೆ, ಅಂಗಡಿಗೆ ಹೋಗಿ ಕೊಳ್ಳುವವರನ್ನು ಕಂಡರೆ ನಗುತ್ತಿದ್ದೆ. ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮ್ಯಾನೇಜರ್ ಹಣ ಕೊಟ್ಟು ಕೇಳಿದ ಕ್ಯಾಮೆರಾವನ್ನೂ ಹಾಗೇ ತರಿಸಲು ಹೊರಟೆ. ಆ ಸೈಟಿನಲ್ಲಿ ನಾವು ಕಟ್ಟಿದ ಹಣ ಮಾರುವವನಿಗೆ ಕೂಡಲೇ ಸಿಗುವುದಿಲ್ಲ. ಸಾಮಾನು ಕೈಸೇರಿ ನಾವು ‘ತಲುಪಿತು’ ಎಂಬ ಗುಂಡಿ ಒತ್ತುವವರೆಗೆ ಸೈಟಿನವರೇ ಇಟ್ಟುಕೊಂಡಿರುತ್ತಾರೆ. ಕೊಳ್ಳುವವನಿಗೆ ಇರುವ ರಕ್ಷಣೆ ಅದೊಂದೇ. ಮಾರುವವನು ಬರೆದ — ಈಗಲೇ ಒತ್ತಿ, ಸಾಗಣೆ ಖರ್ಚು ವಾಪಸ್ ಕೊಡುತ್ತೇನೆ, ನಾಳೆಯೇ ಕಳಿಸುತ್ತೇನೆ. ಒತ್ತಿದೆ. ಮರುವಾರ ಅವನ ಅಂಗಡಿಯೇ ಸೈಟಿನಲ್ಲಿ ಇರಲಿಲ್ಲ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಕಳ್ಳ, ಕಳ್ಳನ ಕೆಲಸ ಮಾಡಿದ. ನಾನು...

ತಿಂಗಳು ಕಳೆದ ಮೇಲೆ ಮ್ಯಾನೇಜರ್ ನನ್ನ ಕಂಪ್ಯೂಟರಿನಲ್ಲೇ ನೋಡಿದರು.

“ತಲುಪಿತು ಅಂತ ಉಂಟಲ್ಲ ಮಾರಾಯ? ಇದನ್ನು ಯಾರು ಹಾಕುವುದು?”

“ಪೋಸ್ಟಾಫೀಸಿಗೆ ಬಂದ ಕೂಡಲೆ ಅದರಷ್ಟಕ್ಕೇ ಬರ್ತದೆ ಸರ್.”

ಈ ಊರಿನಲ್ಲಿ ಅಂಚೆ ಮನೆ ಬಾಗಿಲಿಗೆ ಬರುವುದಿಲ್ಲ, ಎಲ್ಲರದ್ದೂ ಕಂಪನಿಯ ಪೋಸ್ಟ್ ಬಾಕ್ಸಿಗೇ. ಅದರ ಕೀಲಿ ಹನ್ನೊಂದು ವರ್ಷದಿಂದ ಇದ್ದದ್ದು ಡ್ರೈವರ್ ಆಗಿದ್ದ ನಿಮ್ಮ ಬಳಿ. ನನ್ನ ಆ ಮಾತು ಮುಗಿಯುವಷ್ಟರಲ್ಲಿ ಕಳ್ಳ ಯಾರೆಂದು ತೀರ್ಮಾನವಾಗಿತ್ತು.

ಎಲ್ಲರೆದುರು ನಿಲ್ಲಿಸಿ ಕೇಳಿದರು. “ಅಲ್ಲಾಹನಾಣೆ, ಅಂಥ ಪಾರ್ಸೆಲ್ ಬರ್ಲೇ ಇಲ್ಲ ಸರ್,” ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ. “ದಿನೇಶಣ್ಣ, ನಿಮಗೆ ಇದೆಲ್ಲ ಗೊತ್ತುಂಟಲ್ಲ. ನೀವೊಂದು ಹೇಳಿ.” ನಾನು ಯಾವುದೋ ಬಿಲ್ಲು ಹುಡುಕುವವನಂತೆ ಡ್ರಾವರ್ ಎಳೆದೆ. ವಾರದೊಳಗೆ ನಿಮ್ಮ ವೀಸಾ ಕ್ಯಾನ್ಸಲ್ ಆಯಿತು.

ಹೊರಡುವ ದಿನ ನನ್ನ ರೂಮಿಗೆ ಬಂದು ಕೈ ಹಿಡಿದುಕೊಂಡಿರಿ. “ಎಲ್ಲರೂ ಕಳ್ಳ ಅಂದ್ರು. ನೀವೊಬ್ಬರು ಹೇಳ್ಲಿಲ್ಲ ದಿನೇಶಣ್ಣ. ನಾನು ಮರೆಯುವುದಿಲ್ಲ.” ವೀಸಾ ಕಳೆದುಕೊಂಡವರಿಗೆ ನಾನು ‘ಹೋಗಿ ಬನ್ನಿ’ ಎಂದೆ. ಎಂಥ ನಾಲಿಗೆಯೋ ನನ್ನದು.

ಈಗ ಕರಾಮ ಬಡಾವಣೆಯಲ್ಲಿ ನಮ್ಮ ಕಡೆಯವರು ಸೇರಿದಾಗ ನಾನು ಉಪದೇಶ ಮಾಡುತ್ತೇನೆ — ಸಾಮಾನು ಕೈಗೆ ಬರದೆ ಗುಂಡಿ ಒತ್ತಬೇಡಿ, ಸೈಟಿನ ಹೊರಗೆ ಹಣ ಕಳಿಸಬೇಡಿ. ಎಲ್ಲರೂ ತಲೆದೂಗುತ್ತಾರೆ. ಎಲ್ಲಿ ಕಲಿತೆ ಎಂದು ಯಾರೂ ಕೇಳುವುದಿಲ್ಲ. ಕಳೆದ ವಾರ ಅಲ್ಲೇ ನಿಮ್ಮೂರಿನವನೊಬ್ಬ ಸಿಕ್ಕ. ನಿಮ್ಮ ಹೆಸರೆತ್ತಿದೆ. “ಯಾರು, ಗಲ್ಫಲ್ಲಿ ಕದ್ದು ಸಿಕ್ಕಿಬಿದ್ದವರಾ?” ಎಂದ. ಇಷ್ಟು ವರ್ಷವಾದರೂ ಊರು ನಿಮ್ಮನ್ನು ಹಾಗೆಯೇ ಗುರುತಿಸುತ್ತದೆ.

ಮರುದಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. “ಹಳೇ ಕತೆ, ಬಿಡು ಮಾರಾಯ,” ಎಂದು ಅವರು ಚಹಾ ತರಿಸಿದರು. ಬಿಡುವುದಂತೆ. ಯಾರ ಮಾನವನ್ನು ಯಾರು ಬಿಡುವುದು? ಚಹಾ ಮುಟ್ಟದೆ ಎದ್ದು ಬಂದೆ. ಆದರೆ ಅಂದು ಬರಬೇಕಾಗಿದ್ದ ಸಿಟ್ಟು ಅದು; ಇಂದು ಬಂದು ಏನು ಪ್ರಯೋಜನ...

ಕ್ಷಮಿಸಿ ಎಂದು ಕೇಳುವುದಿಲ್ಲ, ಹಮೀದಾಕ. ಈ ಕಾಗದವನ್ನು ಮುಚ್ಚಿಡಬೇಡಿ. ಮನೆಯಲ್ಲಿ ಓದಿಸಿ, ಅಂಗಡಿಯಲ್ಲಿ ಓದಿಸಿ, ನಿಮ್ಮನ್ನು ಕಳ್ಳ ಎಂದ ಒಬ್ಬೊಬ್ಬರ ಕೈಗೂ ಕೊಡಿ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಬಿಡಿಸಿ ಬರೆದಿದ್ದೇನೆ.