ಕಿವಿಯಿಂದ ಹೊಗೆ ಬಿಡುವವನ ಫಿಟ್‌ನೆಸ್

ನನ್ನ ಭಾವಮೈದ ನಂಜುಂಡ ಕಿವಿಯಿಂದ ಸಿಗರೇಟಿನ ಹೊಗೆ ಬಿಡುತ್ತಾನೆ.

ಉತ್ಪ್ರೇಕ್ಷೆಯಲ್ಲ. ಒಂದು ದಮ್ಮು ಎಳೆದು, ಬಾಯಿ ಮುಚ್ಚಿ, ಮೂಗು ಹಿಡಿದು ಊದಿದರೆ ಎಡಗಿವಿಯಿಂದ ಸಣ್ಣಗೆ ಹೊಗೆ ಏಳುತ್ತದೆ. ಲಷ್ಕರ್ ಮೊಹಲ್ಲಾದ ನಮ್ಮ ಬಂಧುಗಳ ಮದುವೆಗಳಲ್ಲಿ ಊಟವಾದ ಮೇಲೆ ಇದೊಂದು ಐಟಂ. (ಬೀಗರೂ ಚಪ್ಪಾಳೆ ತಟ್ಟಿದ್ದಾರೆ.)

ಕಳೆದ ವಾರ ನಮ್ಮೂರಿನ ಈಜುಕೊಳವೊಂದಕ್ಕೆ ನೌಕಾಪಡೆಯ ನಿವೃತ್ತ ಡೈವರ್ ಒಬ್ಬರು ಬಂದಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಉಸಿರಾಡುವುದನ್ನು ಆಸಕ್ತರಿಗೆ ಕಲಿಸುತ್ತೇನೆಂದರು. ಷರತ್ತು ಒಂದೇ: ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್.

ನಂಜುಂಡ ಅಂದೇ ತಂದ. ನಾನೂ ಜೊತೆಗಿದ್ದೆ. ನಮ್ಮ ಮನೆ ಡಾಕ್ಟರು ಸ್ಟೆತಾಸ್ಕೋಪ್ ಮುಟ್ಟಲಿಲ್ಲ. "ಅಮ್ಮನ ಮಂಡಿನೋವು ಹೆಂಗಿದೆಯಪ್ಪಾ?" ಎಂದು ಕೇಳುತ್ತಲೇ ಸಹಿ ಹಾಕಿದರು. "ಹುಟ್ಟಿದಾಗಿಂದ ನೋಡ್ತಿದೀನಿ ಕಣೋ. ನಿನಗೇನು ಪರೀಕ್ಷೆ?"

ಪರಿಚಯವೇ ಪರೀಕ್ಷೆ. ಕೆಲಸ ಕೊಡುವುದಕ್ಕೆ, ಹೆಣ್ಣು ಕೊಡುವುದಕ್ಕೆ ಇದು ನಡೆಯುತ್ತದೆ. ನೀರಿನ ತಳದಲ್ಲೂ ನಡೆಯುತ್ತದೆಯೇ?

ಡೈವರ್ ಸರ್ಟಿಫಿಕೇಟ್ ತೆಗೆದುಕೊಂಡರು. ಆದರೂ ಕೇಳಿದರು: ನೆಗಡಿ ಇದೆಯೇ? ಉಬ್ಬಸ? ಕಿವಿ ಸೋರಿದ್ದುಂಟೇ? ನಂಜುಂಡ ಎಲ್ಲಕ್ಕೂ ಇಲ್ಲವೆಂದ.

"ಮೂಗು ಹಿಡಿದು ಮೆಲ್ಲಗೆ ಊದಿ." ಕೆಳಗಿಳಿದಂತೆ ನೀರು ಕಿವಿಯನ್ನು ಒತ್ತುತ್ತದೆ, ಒಳಗಿನಿಂದ ಹೀಗೆ ಊದಿ ಸರಿದೂಗಿಸಬೇಕು ಎಂದು ವಿವರಿಸಿದರು.

ನಂಜುಂಡನ ಮುಖ ಅರಳಿತು. "ಸಾರ್, ಇದ್ರಲ್ಲಿ ನಾನು ಎಕ್ಸ್‌ಪರ್ಟು. ತಾಳಿ, ಸಿಗರೇಟಲ್ಲೇ ತೋರಿಸ್ಬುಡ್ತೀನಿ."

ತೋರಿಸಿದ. ಚಪ್ಪಾಳೆ ಬೀಳಲಿಲ್ಲ. ಡೈವರ್ ಸಿಲಿಂಡರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಿಮ್ಮ ಕಿವಿಯ ತಮಟೆ ತೂತಾಗಿದೆ. ಒಳಕ್ಕೆ ತಣ್ಣೀರು ನುಗ್ಗಿದರೆ ತಲೆ ಗಿರ್ರನೆ ತಿರುಗುತ್ತೆ. ಮೇಲ್ಯಾವುದು, ಕೆಳಗ್ಯಾವುದು ಅಂತ ಗೊತ್ತಾಗಲ್ಲ. ಏನು ಕೆಲಸ ನಿಮಗೆ?"

"ಟೆಲಿಫೋನ್ ಆಪರೇಟರ್."

"ಹಾಗಾದರೆ ಮೊದಲು ಕಿವಿ ಉಳಿಸಿಕೊಳ್ಳಿ."

ದಾರಿಯುದ್ದಕ್ಕೂ ನಂಜುಂಡ ಕುದಿದ. "ಡಾಕ್ಟ್ರೇ ಸೈ ಅಂದ್ಮೇಲೆ ಇವರ್ಯಾರು ಭಾವ, ಬೇಡ ಅನ್ನಕ್ಕೆ?"

"ಎಡಗಿವಿಗೆ ರಿಸೀವರ್ ಹಿಡಿದರೆ ಕೇಳುತ್ತೇನೋ?" ಎಂದೆ.

"ಬಲಗಿವಿಗೇ ಹಿಡಿಯೋದು," ಎಂದ. "ಚಿಕ್ಕಂದಿನಿಂದ ಅಂಗೇ ಅಭ್ಯಾಸ."

ಮೊನ್ನೆ ಮದುವೆಯೊಂದರಲ್ಲಿ ಡಾಕ್ಟರು ಸಿಕ್ಕರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಗಟ್ಟಿಯಾಗಿ ನಕ್ಕು, ಊಟದ ಪಂಕ್ತಿಯಿಂದ ಏಳುತ್ತಿದ್ದ ನಂಜುಂಡನನ್ನು ಕರೆದರು. "ಎಲ್ಲಿ, ಇನ್ನೊಂದ್ಸಲ ಬಿಡು ನೋಡಣ."

ಈ ಸಲವಾದರೂ ಅವರು ನೋಡುವುದು ಕಿವಿಯನ್ನೋ, ಹೊಗೆಯನ್ನೋ?