ಕೆಂಪು ಟೊಪ್ಪಿಯ ತುದಿ

ಮಕ್ಕಳೇ, ಜಯಪುರದಲ್ಲಿ ನನ್ನ ನಾದಿನಿಯ ಮನೆಗೆ ಹೋದಾಗ ಗೋಡೆಯ ಮೇಲಿನ ಹಿಮಾಲಯದ ಫೋಟೋ ನೋಡಿ, "ಇದರಲ್ಲಿ ಅಜ್ಜಿ ಎಲ್ಲಿ?" ಎಂದು ಕೇಳಿದಿರಿ. ನಾನು ಬಾಯಿ ತೆರೆಯುವ ಮೊದಲೇ ನಾದಿನಿ, "ಪಾಪ, ನಿಮ್ಮ ಅಜ್ಜಿಗೆ ಉಸಿರು ಕಟ್ಟಿತ್ತು, ಕೆಳಗೇ ಉಳಿದ್ರು" ಎಂದಳು. ನಾಲ್ಕು ಜನರೆದುರು ಅಲ್ಲ ಎನ್ನುವ ಧೈರ್ಯ ನನಗೆ ಎಂದೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಉಸಿರು ಕಟ್ಟಿರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ, ಅಡಿಕೆ ಕೊಯ್ಲು ಮುಗಿದ ಮೇಲೆ, ನಾದಿನಿ ಫೋನ್ ಮಾಡಿದಳು. ಅವಳು, ಅವಳ ಗಂಡ, ಇನ್ನೆರಡು ಜೋಡಿ ಉತ್ತರಾಖಂಡದ ಒಂದು ಸಣ್ಣ ಶಿಖರ ಹತ್ತಲು ಹೊರಟಿದ್ದರು. ಹಗ್ಗ ಬೇಡ, ನಡೆದೇ ಹೋಗಬಹುದಂತೆ.

"ಮನೇಲಿ ಕೂತು ಎಂತ ಮಾಡ್ತೀರಿ ಅತ್ತಿಗೆ? ಬನ್ನಿ, ನಂಗೂ ಜೊತೆ ಆಗ್ತದೆ."

ಕೊಪ್ಪದಲ್ಲಿ ಬೂಟು ಕೊಂಡೆ. ಅದು ಕಾಲಿಗೆ ಒಗ್ಗಲಿ ಎಂದು ಶೃಂಗೇರಿ ಕಡೆಯ ಗುಡ್ಡಗಳನ್ನು ಹತ್ತಿ ಇಳಿದೆ. ಹೊರಡುವಾಗ ನಿಮ್ಮ ಅಜ್ಜನ ಕೆಂಪು ಉಣ್ಣೆ ಟೊಪ್ಪಿ ಹಾಕಿಕೊಂಡೆ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ನೆಲ ನೋಡುತ್ತಲೇ ಗುಡ್ಡ ಇಳಿದವಳು ನಾನು. ಹೊರೆಯಿಲ್ಲದೆ ಒಂದು ತುದಿಯಲ್ಲಿ ನಿಂತು ಸುತ್ತ ನೋಡಬೇಕು, ಅಷ್ಟೇ ಆಸೆ.

ಕೊನೆಯ ಏರಿನಲ್ಲಿ ಹಿಮ ಮೊಣಕಾಲಿನವರೆಗೆ ಇತ್ತು. ಗೈಡ್ ಮುಂದೆ, ಅವನ ಹೆಜ್ಜೆಯ ಗುರುತಿನಲ್ಲೇ ನಾನು, ಉಳಿದವರೆಲ್ಲ ಹಿಂದೆ.

"ಬೆನ್ನಿಗೆ ಹುಲಿ ಬಿದ್ದಿದ್ಯಾ ಮಾರಾಯ್ರೆ? ನಿಧಾನ!" ಎಂದು ನಾದಿನಿಯ ಗಂಡ ಕೂಗಿದ. ನನಗೆ ನಗು ಬಂತು. ಅಜ್ಜ ಹೋದ ಮೇಲೆ ಅದೇ ಮೊದಲ ನಗು.

ತುದಿ ಕಾಣುತ್ತಿತ್ತು. ಕಲ್ಲಿನ ಗುಪ್ಪೆ, ಅದರಲ್ಲಿ ನೆಟ್ಟ ತ್ರಿಶೂಲ, ಗಾಳಿಗೆ ಹೊಡೆದುಕೊಳ್ಳುವ ಬಟ್ಟೆಯ ಚೂರುಗಳು. ಅಲ್ಲಿ ಒಡೆಯಲೆಂದು ನಾದಿನಿ ಮನೆಯಿಂದಲೇ ತೆಂಗಿನಕಾಯಿ ಹೊತ್ತು ತಂದಿದ್ದಳು.

"ಅತ್ತಿಗೆ, ನಿಲ್ಲಿ!"

ಏದುಸಿರು ಬಿಡುತ್ತ ಬಂದು ನನ್ನ ತೋಳು ಹಿಡಿದಳು. "ಬೇಜಾರು ಮಾಡ್ಕೋಬೇಡಿ. ಮೇಲೆ ದೇವ್ರಿದೆ. ಮುತ್ತೈದೆಯರು ಮೊದಲು ಹೋಗಿ ಕಾಯಿ ಒಡೀತೀವಿ. ಆಮೇಲೆ ನೀವು ಬನ್ನಿ. ಆಯ್ತಾ?"

ಉಳಿದ ಇಬ್ಬರು ಹೆಂಗಸರು ತಮ್ಮ ಬೂಟು ನೋಡಿಕೊಂಡರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ನಾನು ನಿಂತಲ್ಲಿಂದ ಅವರ ಬೂಟುಗಳು ನನ್ನ ಕಣ್ಣಿನ ಎತ್ತರಕ್ಕಿದ್ದವು. ಕಾಯಿ ಒಡೆದ ಸದ್ದು ಕೇಳಿಸಿತು. ಆಮೇಲೆ ನಗು, ಫೋಟೋ, ಮತ್ತೊಂದು ಫೋಟೋ. ಅಷ್ಟರಲ್ಲಿ ಆಚೆಯಿಂದ ಮೋಡ ನುಗ್ಗಿತು. ಗೈಡ್ ಏನೋ ಕೂಗಿ ಎಲ್ಲರನ್ನೂ ಇಳಿಸತೊಡಗಿದ. ನಾನು ತುದಿಯತ್ತ ಕೈ ತೋರಿಸಿದೆ. ಅವನು ಬೇಡವೆಂದು ತಲೆಯಾಡಿಸಿ, ನನ್ನ ಭುಜ ಹಿಡಿದು ಕೆಳಮುಖವಾಗಿ ತಿರುಗಿಸಿದ.

"ತಗೊಳ್ಳಿ ಅತ್ತಿಗೆ, ಪ್ರಸಾದ," ಎಂದು ನಾದಿನಿ ಕಾಯಿಚೂರು ಕೊಟ್ಟಳು. ಚಳಿಗೆ ಅದು ಕಲ್ಲಾಗಿತ್ತು. ಹಲ್ಲಿಗೆ ಬಗ್ಗಲಿಲ್ಲ.

ಡೇರೆಗೆ ಬಂದಾಗ ಬೇರೆ ಗುಂಪಿನವರು, ಎಲ್ಲರೂ ತುದಿ ಮುಟ್ಟಿದಿರಾ ಎಂದು ನಾದಿನಿಯನ್ನು ವಿಚಾರಿಸಿದರು. ಚಹಾ ಹಿಡಿದು ಪಕ್ಕದಲ್ಲೇ ಕೂತಿದ್ದೆ. "ನಮ್ಮ ಅತ್ತಿಗೆಗೆ ಮಾತ್ರ ಆಗ್ಲಿಲ್ಲ," ಎಂದಳು. ನನ್ನ ಕಡೆ ನೋಡಲೂ ಇಲ್ಲ. ಹೇಳಿ ಹೇಳಿ ಈಗ ಅವಳೂ ಅದನ್ನು ನಂಬಿದ್ದಾಳೆ.

ಅವಳ ಫೋನಿನಲ್ಲಿರುವ ಫೋಟೋದಲ್ಲಿ, ಅವರ ಕಾಲ ಬಳಿ, ಕೆಳಗಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇದೆ. ಗೋಡೆಯ ಫೋಟೋದಲ್ಲಿಲ್ಲ. "ಎಂತದೋ ಕೆಂಪು ಅಡ್ಡ ಬಂದಿತ್ತು, ಕಟ್ಟು ಹಾಕಿಸುವಾಗ ತೆಗೆಸಿಬಿಟ್ಟೆ," ಎಂದಿದ್ದಳು.

ಅದು ನಿಮ್ಮ ಅಜ್ಜನ ಟೊಪ್ಪಿ. ಅದರ ಕೆಳಗೆ ನಾನು ನಿಂತಿದ್ದೆ, ಅವಳ 'ಆಮೇಲೆ'ಗೆ ಕಾಯುತ್ತಾ.